ಭೀಮನ ತೊಡೆ

ಎರಡು ತಿಂಗಳ ಕಾಲ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಚೀಟಿಗಳು ಅಕ್ಕಪಕ್ಕ ಅಂಟಿಕೊಂಡಿದ್ದವು. ಒಂದು ನನ್ನ ಸಕ್ಕರೆ ಕಾಯಿಲೆಯ ಡಾಕ್ಟರು ಬರೆದದ್ದು: ದಿನಾ 40 ನಿಮಿಷ ಬಿರುಸಾಗಿ ನಡೆಯಬೇಕು. ಇನ್ನೊಂದು ಭೀಮನ ಡಾಕ್ಟರಮ್ಮ ಬರೆದದ್ದು: ಎರಡು ವಾರ ನಡೆಯಲೇಕೂಡದು. ಚೀಟಿಗಳು ಅದಲುಬದಲಾಗಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದೆವು.

ಭೀಮ ನಮ್ಮ ನಾಯಿ. ಬಾಗಲಕೋಟೆ ಕಡೆ ಬ್ಯಾಂಕಿನ ಕೆಲಸದಲ್ಲಿದ್ದ ಅಕ್ಕನ ಮಗ ಮೈಸೂರಿಗೆ ವರ್ಗವಾಗಿ ಬರುವಾಗ ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ತಂದ. "ಮಾವ, ಅಪ್ಪಟ ಮುಧೋಳ" ಎಂದ. ಮುಧೋಳ ಎಂದ ಮೇಲೆ ವಂಶದ ಕಥೆಯೂ ಬರಬೇಕಲ್ಲ. ಘೋರ್ಪಡೆ ರಾಜರು ಈ ತಳಿಯ ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರಂತೆ, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿದ್ದ ಚೀಟಿ ತಂದಿತಂತೆ, 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿಗೆ ತರಬೇತಿಗೆ ಕರೆದೊಯ್ದರಂತೆ. ಇಷ್ಟು ಕೇಳಿದ ಮೇಲೆ ಹಾಲಿಟ್ಟ ತಟ್ಟೆ ಚಿಕ್ಕದಾಯಿತೇನೋ ಎಂದು ನಮಗೇ ಸಂಕೋಚವಾಯಿತು. ಆದರೆ ಆರು ತಿಂಗಳಾಗುವಷ್ಟರಲ್ಲಿ ಮರಿಯ ಒಂದು ಕಿವಿ ನೆಟ್ಟಗೆ ನಿಂತುಬಿಟ್ಟಿತು, ಬಾಲ ಚಕ್ಕುಲಿಯಂತೆ ಸುತ್ತಿಕೊಂಡಿತು. ಲಸಿಕೆ ಹಾಕಲು ಬಂದ ಡಾಕ್ಟರಮ್ಮ ಹಿಂದೆಮುಂದೆ ನೋಡಿ, "ತಂದೆ ಮುಧೋಳ ಇರಬಹುದು ಸಾರ್. ತಾಯಿ ಯಾವುದೋ ಸಕ್ಕರೆ ಕಾರ್ಖಾನೆ ಗೇಟಿನವಳು" ಎಂದರು. ನನಗೂ ಸಕ್ಕರೆಗೂ ಬಿಡದ ನಂಟು ಎಂದುಕೊಂಡೆ. ಕಾಲುಗಳು ಮಾತ್ರ ತಂದೆಯವೇ. ಉದ್ದ, ಸಪೂರ, ತೊಡೆಯ ಹತ್ತಿರ ಮಾತ್ರ ಗಟ್ಟಿ ಮಾಂಸ. ಆ ಕಾಲಿನಿಂದಲೇ ಇಷ್ಟೆಲ್ಲ ಆದದ್ದು.

ಕಾಲಿನಿಂದ ಎಂದರೆ ತಪ್ಪಾದೀತು, ನೆಲದಿಂದ. ಅಪ್ಪ ಕಟ್ಟಿಸಿದ ಮನೆಗೆ ಕೆಂಪು ಗಾರೆ ನೆಲವಿತ್ತು. ಅಲ್ಲಲ್ಲಿ ಬಿರುಕು, ಬಾಗಿಲ ಬಳಿ ಸವೆದ ಹಳ್ಳ. ಎರಡು ವರ್ಷದ ಹಿಂದೆ ಅದನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿದೆವು. ಅಮ್ಮ ಮಾತ್ರ, "ಕನ್ನಡಿ ಮೇಲೆ ಸಂಸಾರ ಮಾಡೋಕಾಗತ್ತೇನೋ?" ಎಂದು ಒಂದೇ ಒಂದು ಸಲ ಕೇಳಿದಳು. ಅಮ್ಮ ಒಂದು ಸಲ ಕೇಳಿ ಸುಮ್ಮನಾದಳೆಂದರೆ ಮುಂದೆ ಅದು ನಿಜವಾಗುತ್ತದೆ ಎಂದೇ ಲೆಕ್ಕ. ಕಾರ್ತಿಕ ಮಾಸದ ಒಂದು ಬೆಳಿಗ್ಗೆ ನೆಲ ಒರೆಸಿ ಇನ್ನೂ ಆರಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಬೆಕ್ಕು ಕಾಂಪೌಂಡಿನ ಮೇಲೆ ಬಂದು ಕೂತು ಮೀಸೆ ಒರೆಸಿಕೊಂಡಿತು. ಭೀಮ ಅಡುಗೆ ಮನೆಯಿಂದ ಹೊರಟವನು ನಡುಮನೆಯಲ್ಲಿ ತಿರುಗಬೇಕಿತ್ತು. ಮುಂಗಾಲು ತಿರುಗಿದವು. ಹಿಂಗಾಲುಗಳೆರಡೂ ಎರಡು ದಿಕ್ಕಿಗೆ ಹೋದವು. ಕುಯ್ಯೋ ಎಂದು ಒಂದೇ ಒಂದು ಕೂಗು. ಆಮೇಲೆ ಎದ್ದು, ಬಲಗಾಲನ್ನು ಮಡಿಸಿ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ ಮೂರು ಕಾಲಿನಲ್ಲಿ ಬಾಗಿಲವರೆಗೆ ಹೋಗಿ ಬೆಕ್ಕಿನ ಕಡೆ ಬೊಗಳಿದ. ಬೆಕ್ಕು ಮೀಸೆ ಒರೆಸುವುದನ್ನು ನಿಲ್ಲಿಸಲಿಲ್ಲ.

ಡಾಕ್ಟರಮ್ಮ ಮೊದಲು ಮುಟ್ಟಲೇ ಇಲ್ಲ. "ಅಂಗಳದಲ್ಲಿ ನಡೆಸಿ" ಎಂದು ದೂರ ನಿಂತು ನೋಡಿದರು. ಕುಂಟು ನೋಡುವುದಕ್ಕೂ ಒಂದು ಕ್ರಮವಿದೆ ಎಂದು ನನಗೆ ಅಂದೇ ತಿಳಿದದ್ದು. ಮುಂಗಾಲು ನೊಂದಿದ್ದರೆ ನಾಯಿ ತಲೆ ಆಡಿಸುತ್ತದೆ: ನೋವಿನ ಕಾಲು ಊರಿದಾಗ ತಲೆ ಮೇಲೆ, ಒಳ್ಳೆಯ ಕಾಲು ಊರಿದಾಗ ಕೆಳಗೆ. ಹಿಂಗಾಲಾದರೆ ಸೊಂಟ ಎಗರುತ್ತದೆ. ನಾಯಿಯ ಭಾರದಲ್ಲಿ ನೂರಕ್ಕೆ 60 ಪಾಲು ಮುಂಗಾಲಿನ ಮೇಲೇ ಇರುತ್ತದಂತೆ, ಹಾಗಾಗಿ ಹಿಂಗಾಲೊಂದು ಕೈಕೊಟ್ಟರೂ ಮೂರರಲ್ಲಿ ಸಂಸಾರ ತೂಗಿಸುತ್ತದೆ. ಆಮೇಲೆ ಸ್ಟೀಲಿನ ಮೇಜಿನ ಮೇಲೆ ಹತ್ತಿಸಿದೆವು. ನಾಯಿ ಬೆವರುವುದು ಪಾದದಡಿಯಲ್ಲಿ. ಹೆದರಿದ ಭೀಮ ಆ ಮೇಜಿನ ತುಂಬ ಒದ್ದೆ ಹೆಜ್ಜೆಯ ರಂಗೋಲಿ ಹಾಕಿದ. ಮೊಣಕಾಲ ಕೆಳಗಿನ ಮೂಳೆಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ, ಕೀಲಿನೊಳಗಿನ ಕಟ್ಟು ಗಟ್ಟಿಯಿದೆ ಎಂದರು. ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಿತ್ತು. ಮಾಂಸಖಂಡ ಹರಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೆ ಬೆರಳೇ ಬೇಕು. ತೊಡೆಯ ಒಳಮೈಯನ್ನು ಬೆರಳಲ್ಲಿ ಒತ್ತುತ್ತ ಬಂದರು. ಒಂದು ಕಡೆ ಒತ್ತಿದಾಗ ಭೀಮ ಕಚ್ಚಲಿಲ್ಲ, ಕೂಗಲಿಲ್ಲ, ತಿರುಗಿ ನನ್ನನ್ನು ನೋಡಿದ. ನನಗೆ ಅದಕ್ಕಿಂತ ಕಚ್ಚಿದ್ದರೇ ಚೆನ್ನಾಗಿತ್ತು.

"ಸ್ನಾಯು ಎಳೆದಿದೆ. ಸ್ವಲ್ಪ ಹರಿದಿದೆ, ಪೂರ್ತಿ ಅಲ್ಲ" ಎಂದರು. ಪಂದ್ಯದಲ್ಲಿ ಓಡುವ ಗ್ರೇಹೌಂಡ್ ನಾಯಿಗಳಿಗೆ ಇದು ಮಾಮೂಲಂತೆ. ಇದನ್ನು ಕೇಳಿದ ಅಕ್ಕನ ಮಗ, "ನೋಡಿದ್ರಾ ಮಾವ, ಓಟದ ನಾಯಿಗಳ ಕಾಯಿಲೆ. ಅಪ್ಪಟ ಅಂದಿದ್ದೆನಲ್ಲ!" ಎಂದು ಹಿಗ್ಗಿದ.

ಸಂಜೆ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಹಳಗನ್ನಡ ಕಲಿಸಿ ನಿವೃತ್ತರಾದವರು. ಬೆಕ್ಕಿನ ಪರವಾಗಿ ಕ್ಷಮೆ ಕೇಳಲು ಬಂದಿದ್ದಾರೆಂದು ನಾನೆಣಿಸಿದೆ. ಅವರು ರೋಗಿಯನ್ನು ನೋಡಿ, "ಹೆಸರು ಎಡವಟ್ಟಾಯಿತಲ್ಲ ಸ್ವಾಮಿ. ತೊಡೆ ಮುರಿಸಿಕೊಂಡದ್ದು ದುರ್ಯೋಧನ. ಭೀಮ ಮುರಿದವನು" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಗದಾಯುದ್ಧ ಬರೆದ ರನ್ನ ಹುಟ್ಟಿದ್ದು ಯಾವ ಊರಿನಲ್ಲಿ? ಮುದುವೊಳಲು, ಅಂದರೆ ಇವತ್ತಿನ ಮುಧೋಳ. ಬಳೆಗಾರರ ಮನೆಯ ಹುಡುಗ. ತೊಡೆ ಮುರಿದ ಕಥೆಯನ್ನು ಕನ್ನಡದಲ್ಲಿ ಹೇಳಿದವನ ಊರಿನಿಂದಲೇ ತೊಡೆ ಹರಿದುಕೊಂಡ ನಾಯಿ ಬಂದಿದೆ ಎಂದರೆ ಇದು ಸಾಮಾನ್ಯ ವಿಷಯವೇ? ನಾನು ಸಾಮಾನ್ಯವಲ್ಲ ಎಂದು ಒಪ್ಪಿಕೊಂಡೆ. ಬೆಕ್ಕಿನ ಮಾತು ಕೊನೆಗೂ ಬರಲಿಲ್ಲ.

ನೋವಿಗೆ ಮೆಲಾಕ್ಸಿಕ್ಯಾಮ್ ಕೊಟ್ಟಿದ್ದರು, ಊಟವಾದ ಮೇಲೆ, ತೂಕ ನೋಡಿ, ಕೆಲವೇ ದಿನ. ಜೊತೆಗೊಂದು ಎಚ್ಚರಿಕೆ: ನಿಮ್ಮ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಒಂದನ್ನೂ ಕೊಡಬೇಡಿ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್, ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಇವು ನಾಯಿಯ ಹೊಟ್ಟೆ, ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ ಮುಳುವಾಗಬಲ್ಲವು. ಭೀಮನ ಮಾತ್ರೆಯ ಹೆಸರು ಕೇಳಿದಾಗ ನನಗೆ ರಣಹದ್ದುಗಳ ನೆನಪಾಯಿತು. ನೋವಿರುವ ದನಗಳಿಗೆ ಡೈಕ್ಲೊಫೆನಾಕ್ ಕೊಡುತ್ತಿದ್ದ ಕಾಲವೊಂದಿತ್ತು. ಆ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಲ್ಲಿಸಿತು. ಅದರ ಬದಲಿಗೆ, ಹದ್ದಿಗೆ ಕೇಡಿಲ್ಲವೆಂದು ಮುಂದೆ ಬಂದ ಮಾತ್ರೆಯೇ ಈ ಮೆಲಾಕ್ಸಿಕ್ಯಾಮ್. ಬೆಂಗಳೂರಿನ ರೈಲಿನಲ್ಲಿ ರಾಮನಗರ ದಾಟುವಾಗಲೆಲ್ಲ ನಾನು ಕಿಟಕಿಯಿಂದ ಬಗ್ಗಿ ರಾಮದೇವರ ಬೆಟ್ಟದ ಕಡೆ ನೋಡುವುದುಂಟು. 2012ರಿಂದ ಅದು ರಣಹದ್ದು ಧಾಮ. ಒಂದು ಸಲವೂ ಹದ್ದು ಕಂಡಿಲ್ಲ, ಹದ್ದಿನಂತೆ ಕಂಡ ಗರುಡಗಳು ಹಲವು. ಭೀಮನಿಗೆ ಆ ಮಾತ್ರೆಯನ್ನು ಅನ್ನದುಂಡೆಯಲ್ಲಿ ಅಡಗಿಸಿ ಕೊಡುತ್ತಿದ್ದೆವು. ಅವನು ಉಂಡೆ ತಿಂದು ಮಾತ್ರೆಯನ್ನು ತೊಳೆದಿಟ್ಟಂತೆ ಉಗುಳುತ್ತಿದ್ದ.

ಬೀದಿಗೆ ಸುದ್ದಿ ಹರಡಿತು. ನಮ್ಮ ಬೀದಿಯಲ್ಲಿ ಮನುಷ್ಯರ ಉಳುಕಿಗೆ ಇರುವಷ್ಟೇ ವೈದ್ಯರು ನಾಯಿಯ ಉಳುಕಿಗೂ ಇದ್ದರು. ಹುಣಸೆಹಣ್ಣು ಉಪ್ಪು ಕುದಿಸಿ ಪಟ್ಟು ಹಾಕಿ ಎಂದವರೊಬ್ಬರು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಿಕ್ಕಿ ಎಂದವರು ಇನ್ನೊಬ್ಬರು. ಬೆಳ್ಳುಳ್ಳಿ ನಾಯಿಗೆ ವಿಷ, ನೀಲಗಿರಿ ಎಣ್ಣೆಯೂ ಒಳ್ಳೆಯದಲ್ಲ. ಹಚ್ಚಿದ್ದೆಲ್ಲವನ್ನೂ ಅದು ನೆಕ್ಕುತ್ತದೆ ಎಂಬುದನ್ನು ಈ ವೈದ್ಯರೆಲ್ಲ ಮರೆತಿದ್ದರು. ಇಸ್ತ್ರಿ ಅಂಗಡಿಯವನು ಪುತ್ತೂರು ಕಟ್ಟು ಹಾಕಿಸಿ ಎಂದ. ಮೂಳೆ ಮುರಿದಿಲ್ಲಪ್ಪ ಎಂದರೆ, "ಇರ್ಲಿ ಸಾರ್, ಮುಂದಕ್ಕಾದ್ರೂ ಆಗತ್ತೆ" ಎಂದ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆಯಷ್ಟೆ. ಹಿಂದಿನ ಬೀದಿಯ ಅಜ್ಜಿಯೊಬ್ಬರು ಹಾಗೆ ಹುಟ್ಟಿದವರು. ಅಮ್ಮ ನನಗೆ ಹೇಳದೆ ಅವರನ್ನು ಕರೆಸಿದಳು. ಅಜ್ಜಿ ಗೋಡೆ ಹಿಡಿದು ನಿಂತು, ಸೀರೆ ನೆರಿಗೆ ಎತ್ತಿ, ಹೆಬ್ಬೆರಳ ತುದಿಯಿಂದ ಭೀಮನ ತೊಡೆಗೆ ಮೂರು ಸಲ ಸೋಕಿಸಿದರು. ಭೀಮ ಆ ಪಾದವನ್ನು ಶ್ರದ್ಧೆಯಿಂದ ನೆಕ್ಕಿದ. "ನೋಡು, ನಮಸ್ಕಾರ ಮಾಡ್ತಾನೆ" ಎಂದು ಅಜ್ಜಿಗೆ ಸಂತೋಷವಾಯಿತು. ಕಾಫಿ ಕುಡಿದು ಹೋದರು. ಡಾಕ್ಟರಮ್ಮನಿಗೆ ಈ ವಿಷಯವನ್ನು ಇವತ್ತಿನವರೆಗೂ ಹೇಳಿಲ್ಲ.

ಡಾಕ್ಟರಮ್ಮ ಹೇಳಿದ್ದು ಮೊದಲ ಮೂರು ದಿನ ತಣ್ಣಗಿನದು, ಆಮೇಲೆ ಶಾಖ. ಹೊಸ ಪೆಟ್ಟಿನಲ್ಲಿ ಊತ ಇಳಿಯಲು ತಂಪು ಬೇಕು, ಊತ ಇಳಿದ ಮೇಲೆ ರಕ್ತ ಆಡಲು ಬಿಸಿ ಬೇಕು. ಇದನ್ನು ಹಿಂದುಮುಂದು ಮಾಡಿದರೆ ಕೆಲಸ ಕೆಡುತ್ತದೆ. ಮಂಜುಗಡ್ಡೆಯನ್ನು ಬರಿ ಚರ್ಮಕ್ಕೆ ಇಡುವಂತಿಲ್ಲ, ಬಟ್ಟೆ ಸುತ್ತಿ ಹತ್ತು ನಿಮಿಷ ಇಡಬೇಕು. ತೊಡೆಯ ಆಕಾರಕ್ಕೆ ಒಗ್ಗುವಂಥದ್ದು ಏನಿದೆ ಎಂದು ಹುಡುಕಿದರೆ ಸಿಕ್ಕಿದ್ದು ಹಿಂದಿನ ಸೀಸನ್ನಿನಲ್ಲಿ ಸುಲಿದು ಫ್ರೀಜರಿನಲ್ಲಿಟ್ಟಿದ್ದ ಅವರೆಕಾಳಿನ ಪೊಟ್ಟಣ. ಅಷ್ಟು ಚೆನ್ನಾಗಿ ಕೂರುವ ವಸ್ತು ಔಷಧದ ಅಂಗಡಿಯಲ್ಲಿ ಸಿಗಲಾರದು. "ರೀ, ಅದನ್ನ ವಾಪಸ್ ಫ್ರೀಜರಿಗೆ ಇಡಬೇಡಿ" ಎಂದಳು ನನ್ನಾಕೆ. ಮೂರು ದಿನಕ್ಕೆ ಒಂಬತ್ತು ಸಲ ಅದು ಹೊರಗೂ ಒಳಗೂ ಓಡಾಡಿತು. ನಾಲ್ಕನೆಯ ದಿನ ಮನೆಯಲ್ಲಿ ಅವರೆಕಾಳಿನ ಸಾರು. ಯಾರೂ ಏನೂ ಕೇಳಲಿಲ್ಲ, ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಇದೆಲ್ಲ ಸುಲಭದ ಭಾಗ. ಕಷ್ಟ ಎಂದರೆ ವಿಶ್ರಾಂತಿ. ನಮ್ಮಲ್ಲಿ ಕಾಯಿಲೆಯವರಿಗೆ ಕಾಯಿಲೆಯ ಮರ್ಯಾದೆ ಗೊತ್ತಿರುತ್ತದೆ. ನನಗೆ ಡೆಂಗಿ ಆದಾಗ ಹದಿನೈದು ದಿನ ಎಷ್ಟು ಚೆನ್ನಾಗಿ ಮಲಗಿದ್ದೆನೆಂದರೆ ನೋಡಲು ಬಂದವರು ಹೊಗಳಿ ಹೋಗಿದ್ದರು. ಭೀಮನಿಗೆ ತಾನು ರೋಗಿ ಎಂಬುದೇ ತಿಳಿಯದು. ಮಾತ್ರೆಯಿಂದ ನೋವು ಕಡಿಮೆಯಾದ ಎರಡನೆಯ ದಿನವೇ ಅವನ ಲೆಕ್ಕದಲ್ಲಿ ಕಾಯಿಲೆ ಮುಗಿದಿತ್ತು. ಸ್ನಾಯು ಕೂಡಿಕೊಳ್ಳಲು ವಾರಗಳು ಬೇಕು, ಅರೆಬರೆ ಕೂಡಿದಾಗ ಒಂದು ಸಲ ಜೋರಾಗಿ ನೆಗೆದರೆ ಮತ್ತೆ ಮೊದಲಿನಿಂದ. ಹಾಗಾಗಿ ಊಟದ ಕೋಣೆಯ ಮೂಲೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು, ಮಡಚುವ ಮಂಚ ಮತ್ತು ನನ್ನ ಹಳೆಯ ಹಾರ್ಮೋನಿಯಂ ಪೆಟ್ಟಿಗೆ ಸೇರಿಸಿ ಒಂದು ಕೋಟೆ ಕಟ್ಟಿದೆವು. ಒಳಗೆ ಕಂಬಳಿ. ಕೋಟೆಯಿಂದ ಹಿತ್ತಲ ಬಾಗಿಲವರೆಗೆ ಟೈಲ್ಸಿನ ಮೇಲೆ ಗೋಣಿಚೀಲದ ಹಾದಿ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ನೆಲವನ್ನು ರೇಷನ್ ಅಂಗಡಿಯಿಂದ ತಂದ ಚೀಲಗಳು ಮುಚ್ಚಿದವು. ಅಮ್ಮ ಏನೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ಅವಳಿಗೆ ಆಗ ಸಿಕ್ಕಿದ ಸುಖವನ್ನು ನಾನು ಬಲ್ಲೆ.

ಹಿತ್ತಲಲ್ಲಿ ಮೂರು ಮೆಟ್ಟಿಲು. ಇಳಿಸುವಾಗ ಹೊಟ್ಟೆಯ ಕೆಳಗೆ ಬಟ್ಟೆ ಹಾಯಿಸಿ ಹಿಂಭಾಗವನ್ನು ಎತ್ತಿ ಹಿಡಿಯಬೇಕು. ಟವೆಲ್ ಗಿಡ್ಡವಾಯಿತು. ಅಮ್ಮ ತನ್ನ ಒಂದು ಹಳೆಯ ನೂಲಿನ ಸೀರೆ ಕೊಟ್ಟಳು. ಭೀಮ ಮುಂದೆ, ಸೀರೆಯ ಎರಡು ತುದಿ ಹಿಡಿದು ಬಗ್ಗಿಕೊಂಡ ನಾನು ಹಿಂದೆ. ಪಲ್ಲಕ್ಕಿ ಹೊತ್ತವನ ಸೊಂಟ ನೋವು ಉತ್ಸವಮೂರ್ತಿಗೆ ಗೊತ್ತಾಗುವುದಿಲ್ಲ.

ಆ ದಿನಗಳಲ್ಲಿ ನಾನೊಬ್ಬನೇ ವಾಕಿಂಗ್ ಹೋಗಬೇಕಾಯಿತು. ನಿಜ ಹೇಳಬೇಕೆಂದರೆ ಅದುವರೆಗೆ ನಾನು ನಡೆದೇ ಇರಲಿಲ್ಲ, ಭೀಮ ಎಳೆಯುತ್ತಿದ್ದ. ಕುವೆಂಪುನಗರದಿಂದ ಲಿಂಗಾಂಬುಧಿ ಕೆರೆಯವರೆಗೆ ಹೂವಿನವಳು, ಹಾಲಿನ ಬೂತಿನವನು, ಲಾಫಿಂಗ್ ಕ್ಲಬ್ಬಿನ ಹಿರಿಯರು ಎಲ್ಲರೂ "ಭೀಮ ಎಲ್ಲಿ?" ಎಂದು ಕೇಳಿದರು. ಮೂರು ವರ್ಷ ಅದೇ ಹಗ್ಗದ ಇನ್ನೊಂದು ತುದಿಯಲ್ಲಿದ್ದವನ ಹೆಸರು ಏನೆಂದು ಅವರಿಗೆ ತಿಳಿದಿರಲಿಲ್ಲ. ಕೆಲವರಿಗೆ ಹಗ್ಗವಿಲ್ಲದ ನನ್ನ ಗುರುತೂ ಹತ್ತಲಿಲ್ಲ.

ಮೇಷ್ಟ್ರು ದಿನಾ ಸಂಜೆ ಬರುತ್ತಿದ್ದರು. ಒಂದು ದಿನ ಆತಕೂರಿನ ಶಾಸನದ ಕಥೆ ತಂದರು. ಮದ್ದೂರಿನ ಹತ್ತಿರದ ಊರು. ತಕ್ಕೋಲದ ಯುದ್ಧ ಮುಗಿದ ಮೇಲೆ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಎಂದನಂತೆ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ನಿನ್ನ ಬೇಟೆನಾಯಿ ಕಾಳಿಯನ್ನು ಕೊಡು ಎಂದ. ಆ ಕಾಳಿ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ, ನಾಯಿ ಹಂದಿ ಸೆಣಸುವ ಚಿತ್ರ ಸಮೇತ. ಮೇಷ್ಟ್ರ ಕಣ್ಣು ಹೊಳೆಯಿತು: "ಶಾಸನದ ಕಾಲ ಕ್ರಿ.ಶ. 949-50. ರನ್ನ ಹುಟ್ಟಿದ್ದೂ 949. ಹೇಗಿದೆ!" ಆಮೇಲೆ ಕೋಟೆಯೊಳಗೆ ಇಣುಕಿ, "ಅವಳು ಹಂದಿ ಹೊಡೆದು ಕಲ್ಲಾದಳು. ನೀನು ಬೆಕ್ಕು ನೋಡಿ ಜಾರಿಬಿದ್ದೆ. ನಿನಗೆ ಟೈಲ್ಸ್ ಅಂಗಡಿಯವರು ನೆಡಿಸಬೇಕು ಕಲ್ಲು" ಎಂದರು. ಭೀಮ ಬಾಲ ಬಡಿದ. ಹಾರ್ಮೋನಿಯಂ ಪೆಟ್ಟಿಗೆ ಸದ್ದು ಮಾಡಿತು.

ಎರಡು ವಾರದ ಮೇಲೆ ಐದು ನಿಮಿಷದ ನಡಿಗೆಗೆ ಅಪ್ಪಣೆಯಾಯಿತು. ಗಿಡ್ಡ ಹಗ್ಗ, ನಿಧಾನ, ಸಮನೆಲ, ವಾರಕ್ಕೆ ಐದೈದು ನಿಮಿಷ ಹೆಚ್ಚು. ನಿಧಾನವೇ ಔಷಧ. ಜೋರಾಗಿ ಹೊರಟರೆ ನಾಯಿ ನೋವಿನ ಕಾಲನ್ನು ಎತ್ತಿಕೊಂಡು ಮೂರರಲ್ಲಿ ಓಡುತ್ತದೆ, ನಿಧಾನವಾಗಿ ನಡೆಸಿದರೆ ನಾಲ್ಕನ್ನೂ ಊರಲೇಬೇಕು. ಐದು ನಿಮಿಷದಲ್ಲಿ ನಾವು ಹೋಗುತ್ತಿದ್ದದ್ದು ಟ್ರಾನ್ಸ್‌ಫಾರ್ಮರಿನವರೆಗೆ. ಹಾಲಿನ ಬೂತಿನವನು ಕೈ ಬೀಸಿದರೆ ಭೀಮ ನಿಂತು ನೋಡಿ, ಇಷ್ಟು ದೂರದಿಂದಲೇ ಕ್ಷಮಿಸಿ ಎಂಬಂತೆ ವಾಪಸ್ಸಾಗುತ್ತಿದ್ದ.

ಆ ಹೊತ್ತಿಗೆ ಬಲತೊಡೆ ಸೊರಗಿತ್ತು. ನಾಯಿ ಕಾಲು ಬಳಸದಿದ್ದರೆ ಮಾಂಸ ಎಷ್ಟು ಬೇಗ ಕರಗುತ್ತದೆಂದು ಕಣ್ಣಾರೆ ಕಂಡೆ. ದರ್ಜಿಯ ಟೇಪು ತಂದು ಅಳೆದೆ. ಎಡತೊಡೆ 33 ಸೆಂಟಿಮೀಟರು, ಬಲತೊಡೆ 30. ಹೊಟ್ಟೆ ಮಾತ್ರ ಬೆಳೆದಿತ್ತು. ಓಡಾಟವಿಲ್ಲವೆಂದು ಊಟ ಕಡಿಮೆ ಮಾಡಿದ್ದೆವು, ಆದರೂ 24 ಕೆಜಿ ಇದ್ದವನು 26 ಆಗಿದ್ದ. ತನಿಖೆಯಲ್ಲಿ ಅಮ್ಮನ ಸೆರಗಿನ ಗಂಟಿನಿಂದ ತುಪ್ಪ ಸವರಿದ ಚಪಾತಿಯ ಚೂರು ಸಿಕ್ಕಿತು. "ಕಾಯಿಲೆಯವನನ್ನ ಉಪವಾಸ ಕೆಡವ್ತೀರಾ?" ಎಂದು ಅವಳೇ ನನ್ನನ್ನು ವಿಚಾರಣೆಗೆ ಗುರಿಮಾಡಿದಳು.

ಅಮ್ಮನಿಗೂ ವ್ಯಾಯಾಮದ ಚೀಟಿಯೊಂದಿತ್ತು. ಎಪ್ಪತ್ತೆಂಟು ವರ್ಷದ ಮಂಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಬೇಕು ಎಂದು ಫಿಸಿಯೋಥೆರಪಿಯ ಹುಡುಗ ಬರೆದುಕೊಟ್ಟು ಒಂದು ವರ್ಷವಾಗಿತ್ತು. ಅದನ್ನು ಅವಳು ಪಂಚಾಂಗದೊಳಗೆ ಇಟ್ಟಿದ್ದಳು. ಭೀಮನಿಗೂ ಡಾಕ್ಟರಮ್ಮ ಅದನ್ನೇ ಹೇಳಿದರು: ಕೂರಿಸಿ, ಏಳಿಸಿ, ಹತ್ತು ಸಲ, ಕಾಲು ಪಕ್ಕಕ್ಕೆ ಚಾಚದೆ ನೆಟ್ಟಗೆ. ನಾನು ಕೂರು ಎಂದರೆ ಕೂರುತ್ತಿದ್ದ. ಏಳು ಎಂದರೆ ಮಲಗುತ್ತಿದ್ದ. ಅಮ್ಮ ನೋಡಿ ನೋಡಿ ಸಾಕಾಗಿ, ಕುರ್ಚಿಯನ್ನು ಅವನೆದುರು ಎಳೆದುಕೊಂಡು, "ನೋಡೋ ಭೀಮ, ಹೀಗೆ" ಎಂದು ಎದ್ದಳು. ಅವನೂ ಎದ್ದ. ಕೂತಳು, ಕೂತ. ಹತ್ತು ಸಲ. ಬೆಳಿಗ್ಗೆ ಸಂಜೆ ಇದು ನಡೆಯತೊಡಗಿತು. ಎಣಿಸುವವಳು ಅಮ್ಮ, ಏಳಕ್ಕೆ ಬಂದು ಉಸಿರು ಬಿಡುವವರು ಇಬ್ಬರೂ. ನಾನು ಮಗನಾಗಿ ಒಂದು ವರ್ಷ ಬೇಡಿದರೂ ಆಗದ್ದು ಹೀಗೆ ಆಯಿತು. ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಈಜು ಒಳ್ಳೆಯದು ಎಂದಿದ್ದರು ಡಾಕ್ಟರಮ್ಮ. ನೀರು ಭಾರ ಹೊರುತ್ತದೆ, ಕಾಲು ನೋಯದೆ ಆಡುತ್ತದೆ. ಬೆಂಗಳೂರಿನಲ್ಲಿ ನಾಯಿಗಳನ್ನು ನೀರಿನೊಳಗಿನ ಯಂತ್ರದ ಮೇಲೆ ನಡೆಸುವ ಜಾಗಗಳಿವೆ, ಹೋಗಿ ಬರುವ ಖರ್ಚಿನಲ್ಲಿ ನಮ್ಮ ಮನೆಯ ನೆಲವನ್ನು ಮತ್ತೆ ಗಾರೆ ಮಾಡಿಸಬಹುದಿತ್ತು. "ಶ್ರೀರಂಗಪಟ್ಟಣ ಇಲ್ಲೇ ಇದೆಯಲ್ಲ ಮಾವ, ಕಾವೇರಿ" ಎಂದ ಅಕ್ಕನ ಮಗ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳನ್ನು ಅವನು ಬ್ಯಾಂಕಿನವರ ಜೊತೆ ದೋಣಿಯಲ್ಲಿ ಕೂತು ಫೋಟೋ ತೆಗೆದುಕೊಂಡು ಬಂದು ವಾರವಾಗಿತ್ತಷ್ಟೆ. ಅಮ್ಮ, "ಮೊದಲು ನೀನು ಈಜಿ ತೋರಿಸು" ಎಂದಳು.

ಐದನೆಯ ವಾರ ಒಂದು ವಿಚಿತ್ರ ಗಮನಿಸಿದೆ. ಹಿತ್ತಲಲ್ಲಿ ಭೀಮ ಚೆನ್ನಾಗಿ ನಡೆಯುತ್ತಿದ್ದ. ನನ್ನಾಕೆ ಬಾಗಿಲಿಗೆ ಬಂದಳೆಂದರೆ ಕುಂಟುತ್ತಿದ್ದ. "ಅಯ್ಯೋ ಕಂದ" ಎಂದು ಅವಳು ಒಳಗಿಂದ ಬಿಸ್ಕತ್ತು ತರುತ್ತಿದ್ದಳು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ನೋವು ಹೋದ ಮೇಲೂ ಕೆಲವು ನಾಯಿಗಳಿಗೆ ಕುಂಟು ಅಭ್ಯಾಸವಾಗಿಬಿಡುತ್ತದೆ, ಕುಂಟಿದಾಗ ಉಪಚಾರ ಸಿಕ್ಕರಂತೂ ಬಿಡುವುದೇ ಇಲ್ಲ ಎಂದರು. ಆದರೂ ನೋವಿದ್ದರೆ? ನಾಟಕ ಎಂದುಕೊಂಡು ನಿಜವನ್ನು ಕಡೆಗಣಿಸಿದರೆ? ಎರಡು ದಿನ ಈ ಸಂಶಯದಲ್ಲಿ ತೊಳಲಾಡಿದೆ. ಮೂರನೆಯ ದಿನ ಅವನೇ ಬಗೆಹರಿಸಿದ. ಇವಳು ಬಾಗಿಲಿಗೆ ಬಂದಾಗ ಅವಸರದಲ್ಲಿ ಎಡಗಾಲು ಕುಂಟಿದ.

ಎಂಟು ವಾರವಾದ ಮೇಲೆ ಓಡಬಹುದು ಎಂದರು. ಬಡಾವಣೆಯ ಮೈದಾನಕ್ಕೆ ಕರೆದುಕೊಂಡು ಹೋಗಿ ಹಗ್ಗ ಬಿಚ್ಚಿದೆ. ಭೀಮ ಅತ್ತಿತ್ತ ನೋಡಿ, ಕೂತು, ಎದ್ದು, ಕೂತು, ಎದ್ದು, ಹತ್ತು ಮುಗಿಸಿ ನನ್ನ ಮುಖ ನೋಡಿದ. ಆಮೇಲೆ ಯಾವುದೋ ಕಾಗೆ ಎದ್ದಿತು. ಅವನು ಹೋದ. ಅರ್ಧ ಮುಧೋಳವೋ ಕಾಲು ಮುಧೋಳವೋ, ಆ ಹೊತ್ತಿನಲ್ಲಿ ಹಿಂಗಾಲೆರಡೂ ಒಟ್ಟಿಗೆ ಮುಂಗಾಲನ್ನು ದಾಟಿ ಬೀಳುವುದನ್ನು ನೋಡಿದ್ದರೆ ನೀವೂ ಅಪ್ಪಟ ಎನ್ನುತ್ತಿದ್ದಿರಿ. ಟೇಪಿನ ಲೆಕ್ಕದಲ್ಲಿ ಬಲತೊಡೆ ಈಗ ಎಡಕ್ಕಿಂತ ಅರ್ಧ ಸೆಂಟಿಮೀಟರು ಕಡಿಮೆ.

ಕೋಟೆ ಬಿಚ್ಚಿದೆವು. ಗೋಣಿಚೀಲಗಳನ್ನು ತೆಗೆಯಲು ಹೋದಾಗ ಅಮ್ಮ, "ಇರಲಿ ಬಿಡು, ನನಗೂ ಜಾರಲ್ಲ" ಎಂದಳು. ಅವು ಇವೆ. ಕೊನೆಯ ಎರಡು ವಾರ ಭೀಮನಿಗೆ ಇನ್ನೊಂದು ಪಾಠವಿತ್ತು: ಹಜಾರದಲ್ಲಿ ಮೊಳಕ್ಕೊಂದರಂತೆ ಕೋಲು ಅಡ್ಡ ಮಲಗಿಸಿ ಅವುಗಳನ್ನು ನಿಧಾನವಾಗಿ ದಾಟಿಸಬೇಕು, ಪ್ರತಿ ಕಾಲನ್ನೂ ಎತ್ತಿ ಎತ್ತಿ ಇಡುವಂತೆ. ತೆಂಗಿನ ಪೊರಕೆ, ನೆಲ ಒರೆಸುವ ಕೋಲು, ಜೇಡರ ಬಲೆ ತೆಗೆಯುವ ಗಳ, ಅಪ್ಪನ ಊರುಗೋಲು, ಎಲ್ಲ ಸಾಲಾಗಿ ಮಲಗಿದ್ದವು. ಆ ಹದಿನೈದು ದಿನ ದೇವರ ಮನೆಗೆ ಹೋಗುವವರೂ ಬಚ್ಚಲಿಗೆ ಹೋಗುವವರೂ ಅವನ್ನು ದಾಟಿಯೇ ಹೋದರು. ಈಗ ಕೋಲುಗಳೆಲ್ಲ ತಮ್ಮ ತಮ್ಮ ಮೂಲೆಗೆ ಸೇರಿವೆ. ಭೀಮ ಮಾತ್ರ ಹಜಾರದಲ್ಲಿ ಇಲ್ಲದ ಪೊರಕೆಯನ್ನು ಎತ್ತಿ ದಾಟುತ್ತಾನೆ, ಇಲ್ಲದ ಗಳವನ್ನು ದಾಟುತ್ತಾನೆ. ನಿನ್ನೆ ಸಂಜೆ ಪೇಪರ್ ಓದುತ್ತಾ ಕೂತಿದ್ದಾಗ ಅಮ್ಮ ದೀಪ ಹಚ್ಚಲು ಅವನ ಹಿಂದೆಯೇ ಹಜಾರದಲ್ಲಿ ಹೋದಳು. ಊರುಗೋಲು ಇದ್ದ ಜಾಗಕ್ಕೆ ಬಂದಾಗ ಸೀರೆಯನ್ನು ಒಂದಿಷ್ಟು ಎತ್ತಿ, ಕಾಲು ಮೇಲೆ ಮಾಡಿ, ದಾಟಿ ಇಟ್ಟಳು.